ಪಂಡಿತನನ್ನು ತಿದ್ದಿದ ಕಡತ

ಕ್ರಿಸ್ಟಿಯಾನ್ ಥಾಮಸಿಯಸ್ ಎಂದೊಡನೆ, ಮಾಟಗಾತಿಯರ ಮೇಲಿನ ಮೊಕದ್ದಮೆಗಳನ್ನು ಎದುರಿಸಿ ನಿಂತ ಜರ್ಮನ್ ನ್ಯಾಯಶಾಸ್ತ್ರಜ್ಞನೆಂಬ ಮಾತು ಬರುತ್ತದೆ. ಅದು ಸರಿಯಾದ ಮಾತೇ. ಆದರೆ ಅವನನ್ನು ಮತ್ತೆ ಮತ್ತೆ ಓದುವಂತೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕೂ ಹಿಂದಿನ ಒಂದು ಸಂಗತಿ: 1694ರಲ್ಲಿ, ಮಾಟದ ಆರೋಪ ಹೊತ್ತ ಒಬ್ಬ ಹೆಂಗಸಿಗೆ ಚಿತ್ರಹಿಂಸೆ ಕೊಡಬಹುದೆಂದು ಇದೇ ಥಾಮಸಿಯಸ್ ಬರೆದಿದ್ದ.

ಆ ಹೊತ್ತಿಗೆ ಅವನಿಗೆ 39 ವರ್ಷ. 1655ರಲ್ಲಿ ಲೈಪ್ಜಿಗ್‌ನಲ್ಲಿ ಅವನು ಹುಟ್ಟಿದ; ತಂದೆ ಯಾಕೋಬ್, ತತ್ವಜ್ಞಾನಿ ಲೈಬ್ನಿಟ್ಸ್‌ಗೆ ಪಾಠ ಹೇಳಿದ ಪ್ರಾಧ್ಯಾಪಕ. ಮಗ ಓಡರ್ ದಂಡೆಯ ಫ್ರಾಂಕ್‌ಫರ್ಟ್‌ನಲ್ಲಿ ಕಾನೂನು ಓದಿ 1679ರಲ್ಲಿ ಡಾಕ್ಟರೇಟ್ ಪಡೆದ. ವಿದ್ವತ್ತೆಂದರೆ ಲ್ಯಾಟಿನ್ ಎಂದಿದ್ದ ಕಾಲದಲ್ಲಿ, 1687ರಲ್ಲಿ, ಜರ್ಮನ್ ಭಾಷೆಯಲ್ಲಿ ಉಪನ್ಯಾಸ ಕೊಡುವುದಾಗಿ ಜರ್ಮನ್‌ನಲ್ಲೇ ಪ್ರಕಟಣೆ ಹೊರಡಿಸಿದ; ಮರುವರ್ಷ ಅದೇ ಭಾಷೆಯಲ್ಲಿ ಮಾಸಪತ್ರಿಕೆ ಆರಂಭಿಸಿದ. ಲೈಪ್ಜಿಗ್‌ನ ದೇವತಾಶಾಸ್ತ್ರಜ್ಞರೊಡನೆ ಜಗಳ ಬೆಳೆದು 1690ರಲ್ಲಿ ಅವನ ಬೋಧನೆಗೆ ನಿಷೇಧ ಬಿತ್ತು. ಬ್ರಾಂಡೆನ್‌ಬರ್ಗ್‌ನ ದೊರೆ ಆಶ್ರಯ ಕೊಟ್ಟಿದ್ದರಿಂದ ಹಾಲೆ ಪಟ್ಟಣಕ್ಕೆ ಬಂದು ಪಾಠ ಮುಂದುವರಿಸಿದ. ಅಲ್ಲಿನ ವಿಶ್ವವಿದ್ಯಾಲಯ ವಿಧ್ಯುಕ್ತವಾಗಿ ಆರಂಭವಾದದ್ದು 1694ರಲ್ಲಿ.

ಅಂದಿನ ಜರ್ಮನ್ ಸೀಮೆಗಳಲ್ಲಿ, ಸಾಮ್ರಾಟ ಐದನೆಯ ಚಾರ್ಲ್ಸ್‌ನ 1532ರ ದಂಡಸಂಹಿತೆಯ ಪ್ರಕಾರ, ತೊಡಕಿನ ಮೊಕದ್ದಮೆಗಳಲ್ಲಿ ನ್ಯಾಯಾಧೀಶರು ಬಲ್ಲವರ ಸಲಹೆ ಕೇಳಬೇಕಿತ್ತು. ಆ ಬಲ್ಲವರೆಂದರೆ ಬಹುಪಾಲು ವಿಶ್ವವಿದ್ಯಾಲಯಗಳ ಕಾನೂನು ವಿಭಾಗದವರು. ಆರೋಪಿ ಎಲ್ಲೋ ಸೆರೆಯಲ್ಲಿರುತ್ತಿದ್ದಳು, ಪ್ರಾಧ್ಯಾಪಕರ ಕೈಗೆ ಬರುತ್ತಿದ್ದದ್ದು ಕಡತ ಮಾತ್ರ. ಒಬ್ಬ ಪ್ರಾಧ್ಯಾಪಕ ಅದನ್ನು ಓದಿ ಅಭಿಪ್ರಾಯ ಬರೆದು ಸಹೋದ್ಯೋಗಿಗಳ ಮುಂದೆ ಇಡುತ್ತಿದ್ದ. ಮುಖವನ್ನೇ ಕಾಣದ ಹೆಂಗಸಿನ ಮೈಮೇಲೆ ಏನು ನಡೆಯಬೇಕೆಂಬುದು ಹೀಗೆ ಕಾಗದದ ಮೇಲೆ ತೀರ್ಮಾನವಾಗುತ್ತಿತ್ತು.

ಆ ವರ್ಷ ಅಂಥದೊಂದು ಕಡತ ಥಾಮಸಿಯಸ್‌ನ ಪಾಲಿಗೆ ಬಂತು. ಅವನು ದಂಡಶಾಸ್ತ್ರದಲ್ಲಿ ಪ್ರಮಾಣವೆನಿಸಿದ್ದ ಕಾರ್ಪ್‌ತ್ಸೋವ್ ಮೊದಲಾದ ಪಂಡಿತರ ಗ್ರಂಥಗಳನ್ನು ತೆರೆದು ನೋಡಿ, ಕಠೋರವಲ್ಲದ ಚಿತ್ರಹಿಂಸೆಯಿಂದ ಆಕೆಯನ್ನು ವಿಚಾರಿಸಬಹುದೆಂದು ಬರೆದ. ‘ಕಠೋರವಲ್ಲದ’ ಎಂಬ ಆ ವಿಶೇಷಣದ ಬಳಿ ನಾನು ಪ್ರತಿಸಲವೂ ನಿಲ್ಲುತ್ತೇನೆ. ತಾನು ಮಿತಿಯಲ್ಲಿದ್ದೇನೆಂದು ಅವನಿಗೆ ಪ್ರಾಮಾಣಿಕವಾಗಿಯೇ ಅನ್ನಿಸಿರಬೇಕು. ಸಹೋದ್ಯೋಗಿಗಳು ಒಪ್ಪಲಿಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ಅವನಿಗೆ ಗುರುವಾಗಿದ್ದ ಸ್ಯಾಮುಯೆಲ್ ಸ್ಟ್ರೀಕ್ ಈಗ ಅದೇ ವಿಭಾಗದಲ್ಲಿದ್ದ, ಅವನೂ ಒಪ್ಪಲಿಲ್ಲ. ಹೆಂಗಸನ್ನು ಬಿಟ್ಟುಬಿಡಬೇಕೆಂದು ವಿಭಾಗ ತೀರ್ಮಾನಿಸಿತು.

ಥಾಮಸಿಯಸ್‌ಗೆ ಅದು ಚುಚ್ಚಿತು. ಆದರೆ ತನ್ನ ಮಾತು ಬಿದ್ದುಹೋಯಿತೆಂದು ಕೊರಗುತ್ತ ಕೂರದೆ, ಮಾಟದ ಬಗ್ಗೆ ತನಗಿದ್ದ ನಂಬಿಕೆಗೆ ಆಧಾರವೇನೆಂದು ತನ್ನನ್ನೇ ಕೇಳಿಕೊಂಡ. ಹುಡುಕಿದಾಗ ಸಿಕ್ಕಿದ್ದು ಬರೀ ಕೇಳಿದ್ದು, ಓದಿದ್ದು. ಫ್ರೀಡ್ರಿಕ್ ಶ್ಪೇ ಎಂಬ ಜೆಸ್ವಿಟ್ ಪಾದ್ರಿ 1631ರಲ್ಲಿ ತನ್ನ ಹೆಸರು ಹಾಕದೆ ಪ್ರಕಟಿಸಿದ್ದ ಪುಸ್ತಕ, ಚಿತ್ರಹಿಂಸೆಯೇ ಮಾಟಗಾತಿಯರನ್ನು ಸೃಷ್ಟಿಸುತ್ತದೆಂದು ತೋರಿಸಿಕೊಟ್ಟಿತ್ತು. ಅದೂ ಅವನಿಗೆ ದಾರಿ ತೋರಿತು. ಏಳು ವರ್ಷಗಳ ನಂತರ, 1701ರಲ್ಲಿ, ಮಾಟವೆಂಬ ಅಪರಾಧದ ಕುರಿತ ಪ್ರಬಂಧ ಹೊರಬಂತು. ಸೈತಾನನೊಡನೆ ಒಪ್ಪಂದ ಮಾಡಿಕೊಳ್ಳುವುದೇ ಮಾಟದ ಅಪರಾಧದ ಬೇರು ಎಂಬುದು ಆಗಿನ ನಂಬಿಕೆ. ಸೈತಾನನಿದ್ದಾನೆಂಬುದನ್ನು ಥಾಮಸಿಯಸ್ ಅಲ್ಲಗಳೆಯಲಿಲ್ಲ. ಆದರೆ ಅವನ ವಾದದಲ್ಲಿ ಸೈತಾನ ಅಶರೀರಿ; ದೇಹ ಧರಿಸಿ ಬಂದು ಯಾರೊಡನೆಯೂ ಒಪ್ಪಂದ ಮಾಡಿಕೊಳ್ಳಲಾರ. ಒಪ್ಪಂದವೇ ಅಸಾಧ್ಯವಾದ ಮೇಲೆ ಅದನ್ನು ಮಾಡಿಕೊಂಡಳೆಂಬ ಅಪರಾಧವೂ ಇಲ್ಲ. ನಂಬಿಕೆಯನ್ನು ಅದರ ಪಾಡಿಗೆ ಬಿಟ್ಟು ಅಪರಾಧದ ಬೇರನ್ನಷ್ಟೇ ಕತ್ತರಿಸಿದ ಈ ವಾದದಲ್ಲಿ ಪಳಗಿದ ವಕೀಲನ ಕೈ ಕಾಣುತ್ತದೆ. ಆದರೂ ನಾಸ್ತಿಕನೆಂಬ ದೂರಿನಿಂದ ಅವನು ತಪ್ಪಿಸಿಕೊಳ್ಳಲಾಗಲಿಲ್ಲ.

1705ರಲ್ಲಿ ಎರಡು ಕೃತಿಗಳು ಬಂದವು. ಕ್ರೈಸ್ತರ ನ್ಯಾಯಾಲಯಗಳಿಂದ ಚಿತ್ರಹಿಂಸೆಯನ್ನು ಹೊರಹಾಕಬೇಕೆನ್ನುವ ಪ್ರಬಂಧ ಅವನ ಅಧ್ಯಕ್ಷತೆಯಲ್ಲಿ ಮಂಡಿತವಾಯಿತು. ನಿಸರ್ಗದತ್ತ ನ್ಯಾಯದ ಕುರಿತ ಗ್ರಂಥದಲ್ಲಿ ಅವನು ಕಾನೂನನ್ನು ನೀತಿಯಿಂದಲೂ ಸಭ್ಯತೆಯಿಂದಲೂ ಬೇರ್ಪಡಿಸಿ, ಬಲವಂತ ಸಲ್ಲುವುದು ಕಾನೂನಿನ ಪಾಲಿಗೆ ಮಾತ್ರ ಎಂದ. ಕಾನೂನಿನ ಕೈ ಮನುಷ್ಯನ ಒಳಗಿನವರೆಗೆ ಚಾಚಬಾರದೆಂಬ ಆ ಯೋಚನೆಯ ಹಿಂದೆಯೂ ನನಗೆ ಅದೇ ಹಳೆಯ ಕಡತ ಕಾಣುತ್ತದೆ.

1714ರಲ್ಲಿ, ಹಾಲೆಯನ್ನೂ ಆಳುತ್ತಿದ್ದ ಪ್ರಷ್ಯದ ದೊರೆ, ಮಾಟದ ಮೊಕದ್ದಮೆಗಳಲ್ಲಿ ಚಿತ್ರಹಿಂಸೆಗೂ ಮರಣದಂಡನೆಗೂ ತನ್ನ ಒಪ್ಪಿಗೆ ಬೇಕೆಂದು ಆಜ್ಞೆ ಹೊರಡಿಸಿದ. ಥಾಮಸಿಯಸ್ ತೀರಿಕೊಂಡದ್ದು 1728ರಲ್ಲಿ, ಹಾಲೆಯಲ್ಲೇ. ಅದಕ್ಕೂ ಕೆಲವು ವರ್ಷ ಮೊದಲು, ಅರವತ್ತು ದಾಟಿದ ಮೇಲೆ, ತನ್ನ ಮುಂದೆ ಬಂದ ಮೊಕದ್ದಮೆಗಳ ಸಂಗ್ರಹವೊಂದನ್ನು ಅಚ್ಚು ಹಾಕಿಸುವಾಗ, 1694ರ ಆ ಕಡತದಲ್ಲಿ ತಾನು ಏನು ಬರೆದಿದ್ದೆನೆಂಬುದನ್ನೂ ಸಹೋದ್ಯೋಗಿಗಳು ಅದನ್ನು ಒಪ್ಪದೆ ಹೋದದ್ದನ್ನೂ ಅವನೇ ಅದರಲ್ಲಿ ಸೇರಿಸಿದ.