ಎಚ್ಚರವಿರುವ ರೋಗಿಯನ್ನು ಬೋರಲು ಮಲಗಿಸುವಾಗ

ಗಂಟಲಿಗೆ ನಳಿಗೆ ಇಳಿಸದೆ, ಮಾಸ್ಕ್ ಅಥವಾ ಹೈ ಫ್ಲೋ (ಮೂಗಿನ ಮೂಲಕ ರಭಸವಾಗಿ ಹರಿಸುವ) ಆಮ್ಲಜನಕದ ನೆರವಿನಿಂದ ಉಸಿರಾಡುತ್ತಿರುವ ರೋಗಿಯನ್ನು ಬೋರಲು ಮಲಗಿಸಿದ ಸ್ವಲ್ಪ ಹೊತ್ತಿನಲ್ಲೇ ಮಾನಿಟರಿನಲ್ಲಿ ರಕ್ತದ ಆಮ್ಲಜನಕದ ಅಂಕಿ ಏರುವುದನ್ನು ಐಸಿಯುವಿನಲ್ಲಿ ದುಡಿಯುವ ಅನೇಕರು ಕಂಡಿರುತ್ತಾರೆ. ಆ ಏರಿಕೆ ನಿಜವೇ ಆದರೂ ಅದೊಂದನ್ನೇ ನೆಚ್ಚಿಕೊಂಡು ಕೂರುವುದು ಅಪಾಯಕರವೆಂದು ನಾನು ದೃಢವಾಗಿ ನಂಬಿದ್ದೇನೆ.

ಅಂಗಾತ ಮಲಗಿದಾಗ ಹೃದಯದ ಭಾರವೂ ನೀರು ತುಂಬಿ ಊದಿಕೊಂಡ ಶ್ವಾಸಕೋಶದ ಭಾರವೂ ಬೆನ್ನಿನ ಕಡೆಯ ಭಾಗದ ಮೇಲೆ ಬಿದ್ದು, ಅಲ್ಲಿನ ಗಾಳಿಚೀಲಗಳು ಮುಚ್ಚಿಕೊಳ್ಳುತ್ತವೆ. ರಕ್ತ ಮಾತ್ರ ಹೆಚ್ಚಾಗಿ ಅಲ್ಲಿಗೇ ಹರಿಯುತ್ತಿರುತ್ತದೆ. ಬೋರಲಾದಾಗ ಆ ಗಾಳಿಚೀಲಗಳು ಮತ್ತೆ ತೆರೆದುಕೊಳ್ಳುತ್ತವೆ, ರಕ್ತದ ಹರಿವಿನಲ್ಲಿ ಅಷ್ಟೇನೂ ವ್ಯತ್ಯಾಸವಾಗದ ಕಾರಣ ಗಾಳಿಗೂ ರಕ್ತಕ್ಕೂ ಹೊಂದಾಣಿಕೆ ಸುಧಾರಿಸುತ್ತದೆ.

ತೀವ್ರ ಉಸಿರಾಟದ ವೈಫಲ್ಯವಿದ್ದ ರೋಗಿಗಳನ್ನು ಕುರಿತು 2013ರಲ್ಲಿ ಪ್ರಕಟವಾದ ಪ್ರೊಸೇವಾ ಎಂಬ ಅಧ್ಯಯನದಲ್ಲಿ, ಒಮ್ಮೆಗೆ ಕನಿಷ್ಠ 16 ಗಂಟೆ ಬೋರಲು ಮಲಗಿಸಿದವರಲ್ಲಿ 28 ದಿನಗಳೊಳಗಿನ ಸಾವಿನ ಪ್ರಮಾಣ ಶೇ. 32.8ರಿಂದ 16ಕ್ಕೆ ಇಳಿದಿತ್ತು. ಆದರೆ ಅವರೆಲ್ಲ ವೆಂಟಿಲೇಟರಿನ ಮೇಲಿದ್ದವರು. ಎಚ್ಚರವಿದ್ದು ಹೈ ಫ್ಲೋ ಆಮ್ಲಜನಕ ಪಡೆಯುತ್ತಿದ್ದ 1,100ಕ್ಕೂ ಹೆಚ್ಚು ಕೋವಿಡ್ ರೋಗಿಗಳನ್ನು ಒಳಗೊಂಡು, ಆರು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಳಿಗೆ ಹಾಕುವ ಅಗತ್ಯ ಕಡಿಮೆಯಾಯಿತೇ ಹೊರತು ಸಾವಿನ ಪ್ರಮಾಣದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಹೆಚ್ಚು ಗಂಟೆ ಬೋರಲು ಮಲಗಲು ಸಾಧ್ಯವಾದವರಲ್ಲೇ ಫಲಿತಾಂಶ ಉತ್ತಮವಾಗಿತ್ತು.

ಹಾಗೆ ಗಂಟೆಗಟ್ಟಲೆ ಮಲಗುವುದು ಸುಲಭವಲ್ಲ. ಒಂದು ಪಕ್ಕಕ್ಕೆ ತಿರುಗಿಸಿದ ಕುತ್ತಿಗೆ ನೋಯುತ್ತದೆ, ಮಾಸ್ಕಿನ ಅಂಚು ಮೂಗಿನ ಮೇಲೆ ಒತ್ತಿ ಚರ್ಮ ಕೆಂಪಾಗುತ್ತದೆ, ದಿಂಬಿಗೆ ತಾಗಿ ಮಾಸ್ಕ್ ಸ್ವಲ್ಪ ಸರಿದರೂ ಗಾಳಿ ಸೋರುತ್ತದೆ. ಎದೆಗೊಂದು, ಸೊಂಟಕ್ಕೊಂದು ದಿಂಬು ಕೊಟ್ಟು ಹೊಟ್ಟೆಗೆ ಒತ್ತಡ ಬೀಳದಂತೆ ನೋಡಿಕೊಂಡು, ಕರೆಗಂಟೆಯನ್ನು ರೋಗಿಯ ಕೈಗೇ ಕೊಟ್ಟು, ಏಕೆ ಹೀಗೆ ಮಲಗಬೇಕೆಂದು ಸಮಾಧಾನದಿಂದ ತಿಳಿಸಿದರೆ ಮಾತ್ರ ಅವರು ಸಹಕರಿಸಿಯಾರು. ಈ ಕೆಲಸ ಬಹುಮಟ್ಟಿಗೆ ದಾದಿಯರದು. ಅವರ ಕೈಗೆ ಸಾಕಷ್ಟು ಜನ ಇಲ್ಲದಿದ್ದರೆ ವೈದ್ಯರ ಆದೇಶ ಕೇಸ್ ಶೀಟಿನಲ್ಲೇ ಉಳಿಯುತ್ತದೆ. ವಾಂತಿಯಾಗುತ್ತಿರುವವರಿಗೆ, ಪ್ರಜ್ಞೆ ಮಂಕಾಗಿರುವವರಿಗೆ, ರಕ್ತದೊತ್ತಡ ಕುಸಿಯುತ್ತಿರುವವರಿಗೆ ಇದನ್ನು ಒತ್ತಾಯಿಸಲೇಬಾರದು.

ಮಾನಿಟರ್ ಆಮ್ಲಜನಕದ ಅಂಕಿ ಶೇ. 95 ತೋರಿಸುತ್ತಿದ್ದರೂ ಉಸಿರಾಟದ ವೇಗ ಇಳಿಯದೆ, ಕುತ್ತಿಗೆಯ ಸ್ನಾಯುಗಳು ಸೆಳೆಯುತ್ತಾ, ರೋಗಿ ಬೆವರಿ ಮಾತು ತುಂಡರಿಸುತ್ತಿದ್ದರೆ ಅವರು ಸೋಲುತ್ತಿದ್ದಾರೆಂದೇ ಅರ್ಥ. ನಳಿಗೆ ಹಾಕುವ ನಿರ್ಧಾರ ತಡವಾದಷ್ಟೂ ಅಪಾಯ ಹೆಚ್ಚು. ಆದ್ದರಿಂದ ಯಾವ ಲಕ್ಷಣ ಕಂಡರೆ ಮುಂದಿನ ಹೆಜ್ಜೆ ಇಡಬೇಕೆಂಬುದನ್ನು ಬೋರಲು ಮಲಗಿಸುವ ಮೊದಲೇ ತಂಡದವರೆಲ್ಲ ಸೇರಿ ತೀರ್ಮಾನಿಸಿ ಬರೆದಿಡಬೇಕು. ರಾತ್ರಿ ಪಾಳಿಗೆ ಬರುವವರಿಗೂ ಅದು ತಿಳಿದಿರಬೇಕು.