ನಾಸ್ತಿಕ ಆಣೆ ಹಾಕಿದ್ದು ಯಾಕೆ ಅಂತ ಕೇಳುವವರಿಗೆ

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ನಾಸ್ತಿಕ ರಾಜಕಾರಣಿ ಚಾರ್ಲ್ಸ್ ಬ್ರಾಡ್‌ಲಾ ಹೆಸರೆತ್ತಿದರೆ ಸಾಕು, ಎಲ್ಲರೂ ಕೇಳುವುದು ಒಂದೇ: "ನಾಸ್ತಿಕ ಅಂತೀರಿ, ಪಾರ್ಲಿಮೆಂಟ್ ಸೀಟು ಸಿಕ್ಕಿದ್ದೇ ದೇವರಾಣೆ ಹಾಕೋಕೆ ಓಡಿದನಂತೆ?" ಆ 'ಅಂತೆ' ಇದೆಯಲ್ಲ, ಮೈ ಉರಿಯುತ್ತದೆ. ಹೋದ ವರ್ಷ ಮದುವೆಯೊಂದರ ಪಂಕ್ತಿಯಲ್ಲಿ ಪಕ್ಕದ ಎಲೆಯ ಹಿರಿಯರೂ ಇದನ್ನೇ ಕೇಳಿದರು. ನಾನು 1880ರಿಂದ ಶುರು ಮಾಡಿದೆ. ಕೋಸಂಬರಿ ಮುಗಿಯುವಷ್ಟರಲ್ಲಿ ಅವರ ಕಣ್ಣು ಹೋಳಿಗೆ ಬರುವ ದಾರಿಯ ಮೇಲಿತ್ತು. ಅದಕ್ಕೇ ಬರೆದಿಡುತ್ತಿದ್ದೇನೆ.

ಓಡಲಿಲ್ಲ ಸ್ವಾಮಿ. ನಾರ್ಥಾಂಪ್ಟನ್‌ನಿಂದ ಗೆದ್ದು ಬಂದವನು 1880ರ ಮೇ 3ರಂದು ಕೇಳಿದ್ದು, ಆಣೆ ಬೇಡ, ಆಣೆ ಹಾಕುವುದನ್ನೇ ಒಪ್ಪದ ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಹಾಗೆ ದೇವರ ಹೆಸರಿಲ್ಲದೆ ದೃಢೀಕರಿಸುತ್ತೇನೆ ಅಂತ. ಸಮಿತಿಯಲ್ಲಿ ಸಮಸಮ ಮತ ಬಿದ್ದು, ಅಧ್ಯಕ್ಷರ ಮತದಿಂದ ಆಗುವುದಿಲ್ಲ ಎಂದಾಯಿತು. ಸರಿ, ಆಣೆಯನ್ನೇ ಹಾಕುತ್ತೇನೆ, ಆ ಶಬ್ದಗಳಲ್ಲಿ ನನಗೆ ಅರ್ಥ ಕಾಣದಿದ್ದರೂ ಕೊಟ್ಟ ಮಾತಿಗೆ ಕಟ್ಟುಬೀಳುತ್ತೇನೆ ಎಂದ. ಆಗ ಸಭೆಯ ವರಸೆ: ನಂಬಿಕೆಯಿಲ್ಲದವನ ಆಣೆ ನಮಗೆ ಬೇಡ! ಅತ್ತ ದರಿ, ಇತ್ತ ಪುಲಿ.

ಒಂದು ರಾತ್ರಿ ಪಾರ್ಲಿಮೆಂಟಿನ ಗಡಿಯಾರ ಗೋಪುರದಲ್ಲಿ ಕೂಡಿಹಾಕಿದರು. 1881ರ ಆಗಸ್ಟ್‌ನಲ್ಲಿ ಎಳೆದು ಹೊರಗೆ ದಬ್ಬಿದಾಗ ಕೋಟು ಹರಿಯಿತು. ನನಗೆ ಇಷ್ಟವಾದದ್ದು 1882ರ ಫೆಬ್ರವರಿಯ ದೃಶ್ಯ: ನೇರ ಮೇಜಿನ ಬಳಿ ನಡೆದು, ಜೇಬಿನಿಂದ ಬೈಬಲ್ಲಿನ ಹೊಸ ಒಡಂಬಡಿಕೆಯನ್ನೂ ಪ್ರಮಾಣದ ಕಾಗದವನ್ನೂ ತೆಗೆದು, ತಾನೇ ಓದಿ, ತಾನೇ ಸಹಿ ಹಾಕಿಬಿಟ್ಟ. ಮದುಮಗನೇ ಮಂತ್ರ ಹೇಳಿಕೊಂಡು ತಾಳಿ ಕಟ್ಟಿದ ಹಾಗೆ. ಮರುದಿನ ಉಚ್ಚಾಟನೆ.

ನಾಟಕ ಅಲ್ಲವಾ ಅಂದರೆ, ಸ್ವಲ್ಪ ಹೌದು. ಒಪ್ಪಿದೆ, ಬಿಡಿ.

ಆದರೆ ಬ್ರಾಡ್‌ಲಾನನ್ನು ಬಿಟ್ಟು ಅವನ ಮತದಾರರ ಬಗ್ಗೆ ಯಾರಾದರೂ ಕೇಳಬಾರದೇ? ನಾರ್ಥಾಂಪ್ಟನ್ ಬೂಟು ಹೊಲಿಯುವವರ ಊರು. ಸೀಟು ಖಾಲಿಯಾದಾಗಲೆಲ್ಲ ಆ ಊರು ಇವನನ್ನೇ ವಾಪಸ್ ಕಳಿಸಿತು: 1881ರಲ್ಲಿ 132 ಮತಗಳ ಅಂತರ, 1882ರಲ್ಲಿ ಮತ್ತೊಮ್ಮೆ, 1884ರಲ್ಲಿ 368. ಮತ ಹಾಕಿದವರಲ್ಲಿ ಭಾನುವಾರ ತಪ್ಪದೆ ಪ್ರಾರ್ಥನೆಗೆ ಹೋಗುವವರೂ ಇದ್ದರು. ದೇವರಿಲ್ಲ ಅನ್ನುವವನಿಗೆ ಅವರು ಯಾಕೆ ಪಟ್ಟು ಬಿಡದೆ ಮತ ಹಾಕಿದರು? ನನಗನ್ನಿಸುವುದು, ಅವರಿಗೆ ಸಿಟ್ಟು ಬಂದಿತ್ತು. ನಮ್ಮ ಆಳನ್ನು ನಾವು ಆರಿಸಿದ್ದೇವೆ, ಬಾಗಿಲಲ್ಲಿ ತಡೆಯಲು ನೀವು ಯಾರು ಅಂತ.

1886ರ ಜನವರಿಯಲ್ಲಿ ಅವನು ಆಣೆ ಹಾಕಲು ಬಂದಾಗ ಸ್ಪೀಕರ್ ಪೀಲ್ ಯಾರ ತಕರಾರಿಗೂ ಅವಕಾಶ ಕೊಡಲಿಲ್ಲ, ಕೆಲಸ ಮುಗಿಯಿತು. 1888ರಲ್ಲಿ ಬ್ರಾಡ್‌ಲಾನೇ ಓಡಾಡಿ, ಆಣೆ ಬೇಡದವರು ದೃಢೀಕರಿಸಬಹುದು ಎಂಬ ಕಾಯ್ದೆ ತಂದ. ಮರುವರ್ಷ ಮುಂಬೈಯ ಕಾಂಗ್ರೆಸ್ ಅಧಿವೇಶನಕ್ಕೂ ಬಂದುಹೋದ. ಇವತ್ತು ನಮ್ಮ ವಿಧಾನಸೌಧದಲ್ಲಿ ದೇವರನ್ನು ಬಿಟ್ಟು 'ಸತ್ಯನಿಷ್ಠೆಯಿಂದ' ಅಂದವರ ಕೋಟನ್ನು ಯಾರೂ ಹರಿಯುವುದಿಲ್ಲ.

ಇಷ್ಟನ್ನೂ ಹಿರಿಯರಿಗೆ ಹೇಳಿದ್ದೆ. ಹೋಳಿಗೆ ಮೇಲೆ ತುಪ್ಪ ಹಾಕಿಸಿಕೊಂಡು ಅವರು ಕೇಳಿದ್ದು: "ಅದಿರಲಿ, ಕೊನೆಗೂ ಆಣೆ ಹಾಕಿದ ತಾನೇ?"

ಹಾಕಿದ.