ಕೆಮ್ಮಣ್ಣು ಬಿಡಿಸುವ ತನಕ ಪಾಲಿಶ್ ಮೆಷಿನ್ ಮುಟ್ಟಬೇಡಿ

ಆಲ್ದೂರು, ಮೂಡಿಗೆರೆ, ಬಾಳೆಹೊನ್ನೂರು ಕಡೆಯಿಂದ ಬರುವ ಬಿಳಿ ಕಾರುಗಳ ಬಾಗಿಲು ನೋಡಿ. ಕೆಳಗಿನ ಅರ್ಧ ತಿಳಿ ಕಾವಿ ಬಣ್ಣಕ್ಕೆ ತಿರುಗಿರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಬಾನೆಟ್ ಮೇಲೆ ಟಾರ್ಚ್ ಓರೆಯಾಗಿ ಹಿಡಿದರೆ ಜೇಡರ ಬಲೆ ನೇಯ್ದ ಹಾಗೆ ಸಣ್ಣ ಗೀರುಗಳು. ಮಾಲೀಕರು ಕೇಳುವುದು ಒಂದೇ ಮಾತು: "ಒಂದ್ಸಲ ರಬ್ಬಿಂಗ್ ಹೊಡೆದುಬಿಡಿ." ಡೀಟೇಲಿಂಗ್ (ಕಾರು ತೊಳೆದು, ಕಲೆ ತೆಗೆದು, ಹೊಳಪು ಕೊಡುವ) ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರ ಕೈಯೂ ಮೊದಲು ಹೋಗುವುದು ಮೆಷಿನ್ ಕಡೆಗೇ. ಎರಡು ದಿನದ ಕೆಲಸದಲ್ಲಿ ಮೊದಲ ಅರ್ಧ ದಿನ ಅದರ ಪ್ಲಗ್ ಹಾಕಬಾರದು.

ಕಾರಣ ಬಣ್ಣದ ದಪ್ಪದಲ್ಲಿದೆ. ಕಂಪನಿ ಬಣ್ಣದ ಎಲ್ಲ ಪದರ ಸೇರಿಸಿದರೂ ಸಾಮಾನ್ಯವಾಗಿ 90ರಿಂದ 130 ಮೈಕ್ರಾನ್, ಹೆಚ್ಚುಕಡಿಮೆ ಒಂದು ಜೆರಾಕ್ಸ್ ಹಾಳೆಯಷ್ಟು. ಅದರಲ್ಲಿ ಮೇಲಿನ ಬಣ್ಣವಿಲ್ಲದ ಪದರ, ಅಂದರೆ ಕ್ಲಿಯರ್ ಕೋಟ್, 35ರಿಂದ 50 ಮೈಕ್ರಾನ್. ಹೊಳಪು ಕೊಡುವುದೂ ಅದೇ, ಬಿಸಿಲು ತಡೆಯುವುದೂ ಅದೇ. ಒಂದು ಸಲ ಕಾಂಪೌಂಡ್ (ತರಿ ಇರುವ ಉಜ್ಜುವ ಪೇಸ್ಟ್) ಹಾಕಿ ಉಜ್ಜಿದರೆ 2–4 ಮೈಕ್ರಾನ್ ಹೋಗುತ್ತದೆ, ವಾಪಸ್ ಬರುವುದಿಲ್ಲ. ಆದ್ದರಿಂದ ಪ್ರತಿ ಪ್ಯಾನೆಲ್‌ನಲ್ಲಿ ನಾಲ್ಕೈದು ಕಡೆ ಬಣ್ಣದ ದಪ್ಪ ಅಳೆಯುವ ಗೇಜ್ ಇಟ್ಟು ಬರೆದುಕೊಳ್ಳಬೇಕು. 200 ದಾಟಿದರೆ ಆ ಪ್ಯಾನೆಲ್‌ಗೆ ಹಿಂದೆ ಬಣ್ಣ ಹೊಡೆಸಿದ್ದಾರೆ. 500 ದಾಟಿದರೆ ಒಳಗೆ ಪುಟ್ಟಿ ಇರುವ ಸಾಧ್ಯತೆ ಹೆಚ್ಚು. 80ಕ್ಕಿಂತ ಕಡಿಮೆ ತೋರಿಸಿದರೆ ಯಾರೋ ಮೊದಲೇ ಉಜ್ಜಿ ಸವೆಸಿರಬಹುದು, ಅಲ್ಲಿ ಮೆಷಿನ್ ಬೇಡ. ಪ್ಲಾಸ್ಟಿಕ್ ಬಂಪರ್ ಮೇಲೆ ಸಾಮಾನ್ಯ ಗೇಜ್ ಕೆಲಸ ಮಾಡುವುದಿಲ್ಲ, ಅಲ್ಲಿ ಅಂದಾಜಿನ ಮೇಲೆ ಹುಷಾರಾಗಿರುವುದೇ ಉಳಿದ ದಾರಿ.

ತೊಳೆಯುವುದನ್ನು ಚಕ್ರದಿಂದ ಶುರುಮಾಡಿ. ಬಾಡಿ ತೊಳೆದಾದ ಮೇಲೆ ಚಕ್ರಕ್ಕೆ ಹೋದರೆ ಅಲ್ಲಿನ ಕೊಳೆಯೆಲ್ಲ ಬಾಗಿಲಿಗೆ ಹಾರುತ್ತದೆ. ಮಡ್‌ಗಾರ್ಡ್ ಕಮಾನಿನ ಒಳಮಡಿಕೆಗೆ ಬೆರಳು ಹಾಕಿ ನೋಡಿ, ಮಳೆಗಾಲದ ಮಣ್ಣು ಅಲ್ಲಿ ಡಿಸೆಂಬರಿನಲ್ಲೂ ಹಸಿಯಾಗೇ ಇರುತ್ತದೆ, ತುಕ್ಕು ಹತ್ತುವುದು ಅಲ್ಲಿಂದ. ಬಾಗಿಲಿನ ತಳದಲ್ಲಿ ನೀರು ಇಳಿಯುವ ಸಣ್ಣ ತೂತುಗಳಿರುತ್ತವೆ, ಅವನ್ನೂ ಪ್ಲಾಸ್ಟಿಕ್ ಕಡ್ಡಿಯಲ್ಲಿ ಬಿಡಿಸಿ. ಪ್ರೆಶರ್ ವಾಷರ್ 100–120 ಬಾರ್ ಸಾಕು, 40 ಡಿಗ್ರಿಯ ಅಗಲ ನಾಝಲ್, ಒಂದಡಿ ದೂರ. ಕೆಮ್ಮಣ್ಣಿನ ಕಣ ಬಹಳ ಸಣ್ಣ, ಜೊತೆಗೆ ಗಟ್ಟಿ ಮರಳೂ ಬೆರೆತಿರುತ್ತದೆ. ಒಣಗಿದ್ದಾಗ ಮುಟ್ಟಿದರೆ ಸ್ಯಾಂಡ್‌ಪೇಪರ್. ಹಾಗಾಗಿ ನೆರಳಿನಲ್ಲಿ ನಿಲ್ಲಿಸಿ, ಫೋಮ್ ಹಾಕಿ ಐದು ನಿಮಿಷ ಬಿಡಿ. ಫೋಮ್ ಒಣಗುವ ಮುನ್ನ ಮೇಲಿನಿಂದ ಕೆಳಕ್ಕೆ ನೀರು ಹೊಡೆದರೆ ಮುಕ್ಕಾಲು ಮಣ್ಣು ಕೈ ತಾಗದೆ ಇಳಿದುಹೋಗುತ್ತದೆ.

ಆಮೇಲೆ ಎರಡು ಬಕೆಟ್. ಒಂದರಲ್ಲಿ ಪಿಎಚ್ ನ್ಯೂಟ್ರಲ್ ಶಾಂಪೂ, 10 ಲೀಟರ್ ನೀರಿಗೆ 30 ಮಿಲಿ ಆಸುಪಾಸು, ಬಾಟಲಿ ಮೇಲೆ ಬೇರೆ ಅಳತೆ ಇದ್ದರೆ ಅದೇ ಸರಿ. ಇನ್ನೊಂದರಲ್ಲಿ ಬರಿ ನೀರು, ತಳದಲ್ಲಿ ಜಾಲರಿ. ಮೈಕ್ರೋಫೈಬರ್ ಕೈಗವಸಿನಿಂದ ಒಂದು ಪ್ಯಾನೆಲ್ ನೇರ ಗೆರೆಯಲ್ಲಿ ಒರೆಸಿ, ಬರಿ ನೀರಿನಲ್ಲಿ ಜಾಲರಿಗೆ ಉಜ್ಜಿ ತೊಳೆದು, ಹಿಂಡಿ, ಆಮೇಲೆ ಮತ್ತೆ ಶಾಂಪೂಗೆ ಅದ್ದಬೇಕು. ಅರ್ಧ ಕಾರು ಮುಗಿಯುವಷ್ಟರಲ್ಲಿ ಬರಿ ನೀರಿನ ಬಕೆಟ್ ತಳದಲ್ಲಿ ಕುಂಕುಮದಂಥ ಮಣ್ಣು ಕೂತಿರುತ್ತದೆ. ಒಂದೇ ಬಕೆಟ್ ಇಟ್ಟುಕೊಂಡಿದ್ದರೆ ಅಷ್ಟೂ ಬಾನೆಟ್ ಮೇಲೆ ತಿರುಗುತ್ತಿತ್ತು. ಬಟ್ಟೆ ಒಗೆಯುವ ಪೌಡರ್ ಬೇಡವೇ ಬೇಡ. ಕ್ಷಾರ ಜಾಸ್ತಿ, ವ್ಯಾಕ್ಸ್ ತೆಗೆಯುತ್ತದೆ, ರಬ್ಬರ್ ಬೀಡಿಂಗ್ ಒಣಗಿಸುತ್ತದೆ, ಕರಗದ ಹರಳು ಗೀರುತ್ತದೆ.

ಇನ್ನು ಕಲೆಗಳು. ರಸ್ತೆ ಕೆಲಸ ನಡೆಯುವ ಕಡೆ ಓಡಾಡಿದ ಕಾರಿನ ಕೆಳಭಾಗದಲ್ಲಿ ಡಾಂಬರಿನ ಚುಕ್ಕಿ ಇದ್ದೇ ಇರುತ್ತದೆ. ಸೀಮೆಎಣ್ಣೆಗೂ ಬಿಡುತ್ತದೆ ನಿಜ, ಆದರೆ ಜಿಡ್ಡು ಉಳಿದು ಅದಕ್ಕೆ ಮತ್ತೆ ಧೂಳು ಹತ್ತುತ್ತದೆ, ರಬ್ಬರ್ ಉಬ್ಬುತ್ತದೆ. ಟಾರ್ ರಿಮೂವರ್ ಹಾಕಿ ಎರಡು ನಿಮಿಷ ಬಿಟ್ಟರೆ ಚುಕ್ಕಿ ಕಂದಾಗಿ ಸೋರುತ್ತದೆ, ಆಗ ಒರೆಸಿ. ಹಲಸಿನ ಮೇಣಕ್ಕೆ ಮನೆಯ ಕೊಬ್ಬರಿಎಣ್ಣೆಯೇ ಮದ್ದು. ಹಣ್ಣು ಕೊಯ್ಯುವಾಗ ಕೈಗೆ ಸವರಿಕೊಳ್ಳುವ ಹಾಗೆಯೇ ಇಲ್ಲೂ ಸವರಿ, ಹತ್ತು ನಿಮಿಷ ನೆನೆಸಿ, ಮೆತ್ತಗಾದ ಮೇಲೆ ಎತ್ತಿ, ಶಾಂಪೂವಿನಿಂದ ಜಿಡ್ಡು ತೆಗೆಯಿರಿ. ಉಗುರಿನಿಂದ ಕೆರೆದರೆ ಮೇಣದ ಜೊತೆ ಗೀರೂ ಬರುತ್ತದೆ. ಹಕ್ಕಿ ಹಿಕ್ಕೆ ಬಿಸಿಲಿಗೆ ಕೂತು ಕ್ಲಿಯರ್ ಕೋಟ್ ತಿಂದಿದ್ದರೆ ಸುಕ್ಕಿನಂತೆ ಕಾಣುತ್ತದೆ. ಕಡಿಮೆ ಆಳದ್ದು ಪಾಲಿಶ್‌ಗೆ ಹೋಗುತ್ತದೆ, ಆಳದ್ದು ಹೋಗುವುದಿಲ್ಲ, ಅದನ್ನು ಮಾಲೀಕರಿಗೆ ಮೊದಲೇ ತೋರಿಸಿ. ಅರಸೀಕೆರೆ ಕಡೆಯ ಬಯಲು ಸೀಮೆ ಕಾರುಗಳಲ್ಲಿ ಬೋರ್‌ವೆಲ್ ಗಡಸು ನೀರಿನ ಬಿಳಿ ಉಂಗುರಗಳು ಕಾಣುತ್ತವೆ. ಬಿಳಿ ವಿನೆಗರ್ ಮತ್ತು ನೀರು ಸಮ ಪಾಲು, ಬಟ್ಟೆಯಲ್ಲಿ ಅದ್ದಿ ಒಂದು ನಿಮಿಷ ಇಟ್ಟು ತೊಳೆದುಬಿಡಿ.

ಕಾವಿ ಛಾಯೆಯ ಜೊತೆ ಸೇರಿಕೊಂಡಿರುವ ಇನ್ನೊಂದು ವಸ್ತು ಬ್ರೇಕಿನ ಕಬ್ಬಿಣದ ಪುಡಿ. ಚಾರ್ಮಾಡಿ, ಶಿರಾಡಿ ಇಳಿಯುವಾಗ ಬ್ರೇಕ್ ಕಾದು, ಡಿಸ್ಕ್‌ನಿಂದ ಸಿಡಿದ ಬಿಸಿ ಕಣಗಳು ಚಕ್ರಕ್ಕೂ ಬಾಗಿಲಿಗೂ ಚುಚ್ಚಿಕೊಂಡು ತುಕ್ಕು ಹಿಡಿಯುತ್ತವೆ. ಐರನ್ ರಿಮೂವರ್ ಸಿಂಪಡಿಸಿದರೆ ಕಣ ಇರುವಲ್ಲೆಲ್ಲ ನೇರಳೆ ಬಣ್ಣ ಸೋರುತ್ತದೆ, ನೇರಳೆ ಹಣ್ಣು ಹಿಂಡಿದಂತೆ. ಕೊಳೆತ ಮೊಟ್ಟೆ ನಾತಕ್ಕೆ ಹೆದರಬೇಡಿ, ಅದರ ಗುಣವೇ ಅದು. ಮೂರರಿಂದ ಐದು ನಿಮಿಷ, ತಣ್ಣಗಿರುವ ಚಕ್ರದ ಮೇಲೆ ಮಾತ್ರ, ಒಣಗಲು ಬಿಡಬಾರದು. ಆಮೇಲೂ ಉಳಿದದ್ದಕ್ಕೆ ಕ್ಲೇ ಬಾರ್, ಅಂದರೆ ಅಂಟಿದ ಕಣ ಎತ್ತುವ ಮೆತ್ತನೆ ಜೇಡಿಯಂಥ ತುಂಡು. ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಸವರಿದರೆ ಬರಿಗೈಗೆ ಗೊತ್ತಾಗದ ತರಿ ಸಿಗುತ್ತದೆ. 50 ಗ್ರಾಂ ತುಂಡು ತಟ್ಟಿ ಚಪ್ಪಟೆ ಮಾಡಿ, ಲೂಬ್ರಿಕೆಂಟ್ ಧಾರಾಳವಾಗಿ ಹಾಕಿ, ಒತ್ತದೆ ಜಾರಿಸಿ, ಆಗಾಗ ಮಡಚಿ. ನೆಲಕ್ಕೆ ಬಿದ್ದರೆ ಕಸದ ಬುಟ್ಟಿಗೆ. ಅಯ್ಯೋ ಹೊಸದು ಅಂತ ಒರೆಸಿ ಮತ್ತೆ ಬಳಸಿದರೆ ಬಾನೆಟ್ ಪೂರ್ತಿ ಗೀರು.

ಈಗ ಮೆಷಿನ್. ಉಣ್ಣೆ ಪ್ಯಾಡ್ ಹಾಕಿದ ರೋಟರಿ ಬೇಗ ಕೆಲಸ ಮುಗಿಸುತ್ತದೆ, ಕೈ ಪಳಗದಿದ್ದರೆ ಬಿಸಿಲಿನಲ್ಲಿ ಕಾಣುವ ಹೊಲೊಗ್ರಾಮ್ ಅಲೆಗಳನ್ನೂ ಬಿಟ್ಟುಹೋಗುತ್ತದೆ. ಮನೆ ಕಾರಿಗೆ 5 ಇಂಚಿನ ಪ್ಲೇಟ್, 15 ಮಿಮೀ ಥ್ರೋ (ಪ್ಲೇಟ್ ಓಲಾಡುವ ಅಗಲ) ಇರುವ ಡಿಎ ಮೆಷಿನ್, ಅಂದರೆ ತಿರುಗುತ್ತಲೇ ಓಲಾಡುವ ಡ್ಯುಯಲ್ ಆಕ್ಷನ್ ಮೆಷಿನ್, ಸಾಕು. ಕಪ್ಪು ಪ್ಲಾಸ್ಟಿಕ್, ಬೀಡಿಂಗ್, ಬಾನೆಟ್ ಅಂಚು ಎಲ್ಲಕ್ಕೂ ಮಾಸ್ಕಿಂಗ್ ಟೇಪ್ ಹಾಕಿ, ಅಂಚಿನಲ್ಲಿ ಬಣ್ಣ ತೆಳು. ಮೊದಲು ಒಂದೂವರೆ ಅಡಿ ಚೌಕದಲ್ಲಿ ಪರೀಕ್ಷೆ, ಅದೂ ಮೆತ್ತನೆ ಫೋಮ್ ಪ್ಯಾಡ್ ಮತ್ತು ಫಿನಿಶಿಂಗ್ ಪಾಲಿಶ್‌ನಿಂದ. ಅದಕ್ಕೆ ಬಗ್ಗದಿದ್ದರೆ ಮಾತ್ರ ಮುಂದಿನ ಹಂತದ ಪ್ಯಾಡ್. ಬಟಾಣಿ ಗಾತ್ರದ ನಾಲ್ಕು ಹನಿ, ಒಂದನೇ ವೇಗದಲ್ಲಿ ಹರಡಿ, ನಾಲ್ಕೂವರೆಗೆ ಏರಿಸಿ, ಸೆಕೆಂಡಿಗೆ ಒಂದಿಂಚಿನಂತೆ ಅಡ್ಡ ಎರಡು ಸಲ, ಉದ್ದ ಎರಡು ಸಲ, ಪ್ರತಿ ಗೆರೆ ಹಿಂದಿನದರ ಅರ್ಧ ಮುಚ್ಚುವಂತೆ. ಪ್ಲೇಟ್ ಅಂಚಿಗೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಡಿ. ಆ ಗೆರೆ ಸುತ್ತುವುದು ನಿಂತು ಬರೀ ನಡುಗುತ್ತಿದ್ದರೆ ನೀವು ಜಾಸ್ತಿ ಒತ್ತುತ್ತಿದ್ದೀರಿ, ಪ್ಯಾಡ್ ಕತ್ತರಿಸುತ್ತಿಲ್ಲ, ಬಿಸಿ ಮಾತ್ರ ಆಗುತ್ತಿದೆ. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಬಿಸಿ ಹೊರಗೆ ಹೋಗುವುದಿಲ್ಲ, ಅಲ್ಲಿ ವೇಗ ಇಳಿಸಿ, ಆಗಾಗ ಅಂಗೈ ಇಟ್ಟು ನೋಡಿ. ಕ್ಲಿಯರ್ ಕೋಟ್ ಇಲ್ಲದ ಹಳೇ ಕೆಂಪು ಕಾರಿನಲ್ಲಿ ಪ್ಯಾಡ್ ಕೆಂಪಾದರೆ ಗಾಬರಿ ಬೇಡ, ಬರುತ್ತಿರುವುದು ಬಣ್ಣವೇ, ಆದರೆ ಲೆಕ್ಕ ಇಟ್ಟುಕೊಳ್ಳಿ.

ಪ್ರತಿ ಚೌಕ ಮುಗಿದಾಗ ಪ್ಯಾಡ್ ಬ್ರಷ್‌ನಿಂದ ಝಾಡಿಸಿ, 15 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿದ ನೀರಿನಿಂದ ಒರೆಸಿ, ಟಾರ್ಚ್ ಹಿಡಿಯಿರಿ. ಈ ಒರೆಸುವಿಕೆ ತಪ್ಪಿಸಿದರೆ ಮೋಸ ಹೋಗುವುದು ನೀವೇ: ಪಾಲಿಶ್‌ನ ಎಣ್ಣೆ ಗೀರಿನೊಳಗೆ ತುಂಬಿ ಕನ್ನಡಿಯಂತೆ ಕಾಣುತ್ತದೆ, ಮೂರು ನಾಲ್ಕು ವಾಷ್ ಆದ ಮೇಲೆ ಗೀರುಗಳೆಲ್ಲ ವಾಪಸ್. ಆದರೆ ಉಗುರಿಗೆ ತಡೆಯುವಷ್ಟು ಆಳದ ಗೀರನ್ನು ಬೆನ್ನಟ್ಟಬೇಡಿ.

ಇನ್ನು ಬಣ್ಣದ ರಕ್ಷಣೆಗೆ ಮೇಲೆ ಹಚ್ಚುವ ಕೋಟಿಂಗ್ ಬಗ್ಗೆ ಎರಡೇ ಮಾತು. ಸಿರಾಮಿಕ್ ಕೋಟಿಂಗ್ ಗಟ್ಟಿಯಾಗುವುದು ಗಾಳಿಯ ತೇವದಿಂದ. ಜುಲೈನಲ್ಲಿ ಮಲೆನಾಡಿನ ಗಾಳಿಗೆ ಅದು ಬಾಟಲಿಯಲ್ಲಿ ಬರೆದ ಸಮಯಕ್ಕಿಂತ ಬೇಗ ಬಿಗಿಯಾಗುತ್ತದೆ, ಅಡಿ ಅಡಿಯಾಗಿ ಹಚ್ಚಿ ತಕ್ಷಣ ಒರೆಸದಿದ್ದರೆ ಕಪ್ಪು ಮಚ್ಚೆ ಉಳಿಯುತ್ತದೆ. 24 ಗಂಟೆ ನೀರು ತಾಗದ ಶೆಡ್ ಇಲ್ಲದಿದ್ದರೆ ಮಳೆಗಾಲಕ್ಕೆ ಸ್ಪ್ರೇ ಸೀಲೆಂಟ್ ಸಾಕು, ಕೋಟಿಂಗ್ ಅಕ್ಟೋಬರ್ ಕಳೆದ ಮೇಲೆ ಮಾಡಿಸಿಕೊಳ್ಳಲಿ.

ಚಕ್ರದ್ದು ಬೇರೆಯೇ ಕೆಲಸ, ಬಿಚ್ಚದೆ ಮಾಡಿದರೆ ಅರ್ಧ ಕೆಲಸ. ತೋಟದ ರಸ್ತೆಯ ಕೆಸರು ರಿಮ್ಮಿನ ಒಳಗಿನ ಸುತ್ತಿಗೆ ಮೆತ್ತಿಕೊಂಡು ಇಟ್ಟಿಗೆಯಂತೆ ಒಣಗುತ್ತದೆ. ಹಾಸನದ ಹೈವೇಗೆ ಹೋಗಿ 80 ದಾಟಿಸಿದ ಕೂಡಲೇ ಸ್ಟೀರಿಂಗ್ ನಡುಗುತ್ತದೆ, ಜನ ಅಲೈನ್‌ಮೆಂಟ್‌ಗೆ ದುಡ್ಡು ಕೊಟ್ಟು ಬರುತ್ತಾರೆ. ಒಳಗಿನ ಮಣ್ಣು ನೆನೆಸಿ ತೆಗೆದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಪ್ರೆಶರ್ ನೀರು ಹೊಡೆಯುವಾಗ ಅಂಟಿಸಿದ ಬ್ಯಾಲೆನ್ಸ್ ತೂಕ ಕಿತ್ತು ಬಂತೇ ಎಂದೂ ನೋಡಿಕೊಳ್ಳಿ. ಅಲಾಯ್ ಚಕ್ರದ ಮೇಲೆ ಆಸಿಡ್ ಹಾಕುವ ಪದ್ಧತಿ ಇನ್ನೂ ನಿಂತಿಲ್ಲ. ಐದು ನಿಮಿಷಕ್ಕೆ ಬೆಳ್ಳಗಾಗುತ್ತದೆ, ತಿಂಗಳಲ್ಲಿ ಕ್ಲಿಯರ್ ಕೋಟ್ ಮಬ್ಬಾಗಿ, ಅದರ ಅಡಿಯಲ್ಲಿ ಹುಳು ಹರಿದಂತೆ ಬಿಳಿ ಗೆರೆ ಹರಡುತ್ತದೆ. ಆಮೇಲೆ ಪೂರ್ತಿ ಬಣ್ಣ ಕಿತ್ತು ಮತ್ತೆ ಹೊಡೆಯುವುದೇ ಗತಿ.

ಕಡಿಮೆ ಬೆಲೆಯ ವೇರಿಯಂಟ್‌ಗಳಲ್ಲಿ ವೀಲ್ ಕ್ಯಾಪ್ ಅಡಿಯ ಕಬ್ಬಿಣದ ರಿಮ್ ತುಕ್ಕು ಹಿಡಿದಿರುತ್ತದೆ. ವೈರ್ ಬ್ರಷ್, ನಂತರ 180, ಆಮೇಲೆ 320 ನಂಬರ್ ಪೇಪರ್, ಜಿಡ್ಡು ಒರೆಸಿ ಎಪಾಕ್ಸಿ ಪ್ರೈಮರ್, ಅದರ ಮೇಲೆ ತೆಳುವಾಗಿ ಎರಡು ಮೂರು ಕೋಟ್ ಬಣ್ಣ, ನಡುವೆ ಹತ್ತು ಹತ್ತು ನಿಮಿಷ. ಒಂದೇ ಸಲ ದಪ್ಪ ಹೊಡೆದರೆ ಸೋರುತ್ತದೆ. ನಟ್ಟು ಕೂರುವ ಗುಂಡಿಗೂ, ರಿಮ್ ಹಬ್‌ಗೆ ಒರಗುವ ಹಿಂಬದಿಗೂ ಬಣ್ಣ ತಾಗಬಾರದು, ಟೇಪ್ ಹಾಕಿ. ಅಲ್ಲಿ ಬಣ್ಣವಿದ್ದರೆ ಓಡುತ್ತಾ ಓಡುತ್ತಾ ಅದು ಅಮುಕಿ, ಬಿಗಿ ಮಾಡಿದ ನಟ್ಟು ಸಡಿಲವಾಗುತ್ತದೆ. ಹಬ್ ಮುಖದ ತುಕ್ಕನ್ನೂ ಉಜ್ಜಿ ತೆಗೆದೇ ಚಕ್ರ ಹಾಕಬೇಕು.

ಟಯರ್ ಡ್ರೆಸ್ಸಿಂಗ್ ಪಕ್ಕಕ್ಕೆ ಮಾತ್ರ, ಸ್ಪಂಜಿನಿಂದ. ನೆಲ ಮುಟ್ಟುವ ಹಲ್ಲಿಗೆ ಹಚ್ಚಿದರೆ ತಿರುವಿನಲ್ಲಿ ಜಾರುತ್ತದೆ, ಡಿಸ್ಕ್‌ಗೆ ಹಾರಿದರೆ ಬ್ರೇಕ್ ಹಿಡಿಯುವುದಿಲ್ಲ. ನಟ್ಟುಗಳನ್ನು ಎದುರುಬದುರಾಗಿ, ಕಾರಿನ ಪುಸ್ತಕದಲ್ಲಿ ಕೊಟ್ಟ ಟಾರ್ಕ್‌ಗೆ, ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಿ. ಪಾನಾ ಮೇಲೆ ಹತ್ತಿ ತುಳಿಯುವುದು ಬೇಡ. ಗೇಟಿನಿಂದ ಹೊರಡುವ ಮುನ್ನ ನಿಧಾನಕ್ಕೆ ಓಡಿಸಿ ನಾಲ್ಕೈದು ಸಲ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಅದೇ ಟಾರ್ಕ್‌ಗೆ ಮತ್ತೊಮ್ಮೆ ನೋಡಿಸಿಕೊಳ್ಳಬೇಕೆಂದು ಬಿಲ್ಲಿನ ಮೇಲೆಯೇ ಬರೆದುಕೊಡಿ, ಬಾಯಿಮಾತು ಮರೆತುಹೋಗುತ್ತದೆ.